ಭುಜ ಬಿಗಿದುಕೊಂಡಿದೆ, ಆಪರೇಷನ್ ಇಲ್ಲದೆ ಸರಿಹೋಗುತ್ತಾ?

ಪ್ರಶ್ನೆ: ನನಗೆ 52 ವರ್ಷ. ಎಂಟು ವರ್ಷದಿಂದ ಶುಗರ್ ಇದೆ. ಐದು ತಿಂಗಳಿಂದ ಎಡ ಭುಜ ನೋಯುತ್ತಿದೆ. ಏಟೇನೂ ಬಿದ್ದಿಲ್ಲ. ಮೊದಲು ಬರೀ ನೋವಿತ್ತು, ಈಗ ಕೈ ಮೇಲಕ್ಕೇ ಹೋಗುವುದಿಲ್ಲ. ಕೂದಲು ಕಟ್ಟಿಕೊಳ್ಳಲು ಆಗುವುದಿಲ್ಲ, ಬೆನ್ನ ಹಿಂದೆ ಕೈ ಹೋಗುವುದೇ ಇಲ್ಲ. ಆ ಮಗ್ಗುಲಿಗೆ ತಿರುಗಿದರೆ ನಿದ್ದೆಯಿಂದ ಎಚ್ಚರವಾಗುತ್ತದೆ. ಎಕ್ಸ್‌ರೇಯಲ್ಲಿ ಏನೂ ಇಲ್ಲ ಎಂದರು. ಒಂದು ಕಡೆ ಹತ್ತು ದಿನ ಕೈಯನ್ನು ಜೋರಾಗಿ ಎಳೆದು ವ್ಯಾಯಾಮ ಮಾಡಿಸಿದರು, ನೋವು ಇನ್ನೂ ಜಾಸ್ತಿಯಾಯಿತು. ಈಗ ಒಬ್ಬರು ಆಪರೇಷನ್ ಎನ್ನುತ್ತಾರೆ, ಇನ್ನೊಬ್ಬರು ಸ್ಟಿರಾಯ್ಡ್ ಇಂಜೆಕ್ಷನ್ ಎನ್ನುತ್ತಾರೆ. ಶುಗರ್ ಇರುವವರು ಅದನ್ನು ತೆಗೆದುಕೊಳ್ಳಬಹುದಾ? ಆಪರೇಷನ್ ಇಲ್ಲದೆ ವಾಸಿಯಾಗುತ್ತಾ?

ಉತ್ತರ: ನೀವು ಬರೆದಿರುವುದನ್ನು ನೋಡಿದರೆ ಇದು ಫ್ರೋಜನ್ ಶೋಲ್ಡರ್ ಇರಬಹುದು ಅನಿಸುತ್ತದೆ. ಪರೀಕ್ಷೆ ಮಾಡಿದ ವೈದ್ಯರು ಅದನ್ನೇ ಖಚಿತಪಡಿಸಿದರೆ, ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ: ಹೌದು, ಹೆಚ್ಚಿನವರಿಗೆ ಆಪರೇಷನ್ ಇಲ್ಲದೆಯೇ ವಾಸಿಯಾಗುತ್ತದೆ. ಐದನೇ ತಿಂಗಳಿಗೇ ಆಪರೇಷನ್ ಬಗ್ಗೆ ತೀರ್ಮಾನ ಮಾಡುವ ಅವಸರ ಬೇಡ. ಆದರೆ ಸಮಯ ಹಿಡಿಯುತ್ತದೆ, ವಾರಗಳಲ್ಲ, ತಿಂಗಳುಗಳು. ಅದನ್ನು ಮೊದಲೇ ತಿಳಿದುಕೊಂಡರೆ ಅರ್ಧ ಭಯ ಕಡಿಮೆಯಾಗುತ್ತದೆ.

ಒಳಗೆ ಏನಾಗಿದೆ ಎಂದು ಹೇಳುತ್ತೇನೆ. ಭುಜದ ಕೀಲಿನ ಸುತ್ತ ತೆಳುವಾದ ಒಂದು ಚೀಲ ಇರುತ್ತದೆ. ಕೈ ಮೇಲೆತ್ತಿದಾಗ ಬಿಚ್ಚಿಕೊಳ್ಳಲಿ ಎಂದು ಅದರ ಕೆಳಭಾಗ ಸ್ವಲ್ಪ ಸಡಿಲವಾಗಿ, ಮಡಿಕೆ ಮಡಿಕೆಯಾಗಿ ಇರುತ್ತದೆ. ಫ್ರೋಜನ್ ಶೋಲ್ಡರ್‌ನಲ್ಲಿ ಮೊದಲು ಈ ಚೀಲಕ್ಕೆ ಉರಿಯೂತ ಬರುತ್ತದೆ. ಆಮೇಲೆ ಅದು ದಪ್ಪವಾಗಿ, ಗಟ್ಟಿಯಾಗಿ, ಕುಗ್ಗಿಕೊಳ್ಳುತ್ತದೆ. ಕುಗ್ಗಿದ ಚೀಲದೊಳಗೆ 10 ಮಿಲಿಲೀಟರ್ ದ್ರವ ಹಿಡಿಸುವುದೂ ಕಷ್ಟವಾಗಬಹುದು. ಮೂಳೆ ಸರಿಯಾಗಿರುತ್ತದೆ, ಅದಕ್ಕೇ ಎಕ್ಸ್‌ರೇಯಲ್ಲಿ ಏನೂ ಕಾಣುವುದಿಲ್ಲ. ‘ರಿಪೋರ್ಟ್ ನಾರ್ಮಲ್ ಬಂದಿದೆ, ಹಾಗಾದರೆ ನನ್ನ ನೋವು ಸುಳ್ಳಾ?’ ಎಂದು ಎಷ್ಟೋ ಜನ ನನ್ನನ್ನು ಕೇಳಿದ್ದಾರೆ. ಸುಳ್ಳಲ್ಲ. ಎಕ್ಸ್‌ರೇ ಮೂಳೆಯನ್ನು ತೋರಿಸುತ್ತದೆ, ನಿಮ್ಮ ತೊಂದರೆ ಇರುವುದು ಚೀಲದಲ್ಲಿ.

ಅಮೆರಿಕದ ಸರ್ಜನ್ ಅರ್ನೆಸ್ಟ್ ಕಾಡ್ಮನ್ 1934ರಲ್ಲಿ ಇದಕ್ಕೆ ಫ್ರೋಜನ್ ಶೋಲ್ಡರ್ ಎಂಬ ಹೆಸರು ಕೊಟ್ಟರು. 40ರಿಂದ 60 ವರ್ಷದೊಳಗಿನವರಿಗೆ, ಅದರಲ್ಲೂ ಹೆಂಗಸರಿಗೆ ಜಾಸ್ತಿ ಬರುತ್ತದೆ. ಸಾಮಾನ್ಯ ಜನರಲ್ಲಿ ನೂರಕ್ಕೆ 2ರಿಂದ 5 ಮಂದಿಗೆ ಬಂದರೆ, ಶುಗರ್ ಇರುವವರಲ್ಲಿ ಸುಮಾರು 10ರಿಂದ 20 ಮಂದಿಗೆ ಬರುತ್ತದೆ. ಥೈರಾಯ್ಡ್ ತೊಂದರೆ ಇರುವವರಿಗೂ ಹೆಚ್ಚು. ಹಾಗಾಗಿ ‘ನಾನೇನು ತಪ್ಪು ಮಾಡಿದೆ, ಯಾವ ಭಾರ ಎತ್ತಿದೆ’ ಎಂದು ಹುಡುಕುತ್ತಾ ಕೂರಬೇಡಿ. ನೀವೇನೂ ತಪ್ಪು ಮಾಡಿಲ್ಲ. ಥೈರಾಯ್ಡ್ ಪರೀಕ್ಷೆ ಈಚೆಗೆ ಮಾಡಿಸಿಲ್ಲದಿದ್ದರೆ, ಮೂರು ತಿಂಗಳ ಸರಾಸರಿ ಶುಗರ್ ನೋಡುವ ಎಚ್‌ಬಿಎ1ಸಿ ಜೊತೆಗೆ ಅದನ್ನೂ ಮಾಡಿಸಿಬಿಡಿ.

ಇದು ಫ್ರೋಜನ್ ಶೋಲ್ಡರೇ ಹೌದಾ ಎಂದು ಅಂದಾಜು ಮಾಡಲು ಒಂದು ಸರಳ ದಾರಿ ಇದೆ. ಎರಡೂ ಮೊಣಕೈಗಳನ್ನು ಪಕ್ಕೆಗೆ ಅಂಟಿಸಿ, ಮಡಚಿ, ಅಂಗೈ ಒಂದನ್ನೊಂದು ನೋಡುವ ಹಾಗೆ ಹಿಡಿಯಿರಿ. ಈಗ ಮೊಣಕೈ ಪಕ್ಕೆ ಬಿಡದಂತೆ ಎರಡೂ ಮುಂಗೈಗಳನ್ನು ಹೊರಕ್ಕೆ ತಿರುಗಿಸಿ. ಬಲಗೈ ಸಲೀಸಾಗಿ ಹೊರಗೆ ಹೋಗಿ ಎಡಗೈ ಅರ್ಧಕ್ಕೇ ನಿಂತರೆ ಅದು ಮೊದಲ ಸುಳಿವು. ಆಮೇಲೆ ಮನೆಯವರೊಬ್ಬರಿಗೆ ನಿಮ್ಮ ಎಡ ಮುಂಗೈಯನ್ನು ಮೆಲ್ಲಗೆ ಹೊರಕ್ಕೆ ತಿರುಗಿಸಲು ಹೇಳಿ. ಅವರು ತಿರುಗಿಸಿದರೂ ಅಲ್ಲೇ ಗಕ್ಕನೆ ನಿಂತರೆ ಚೀಲ ಬಿಗಿದಿರುವ ಸಾಧ್ಯತೆ ಹೆಚ್ಚು. ನಿಮಗೆ ಎತ್ತಲು ಆಗದಿದ್ದರೂ ಬೇರೆಯವರು ಎತ್ತಿದಾಗ ಕೈ ಸಲೀಸಾಗಿ ಹೋಗುತ್ತದೆ ಎಂದರೆ ತೊಂದರೆ ಬೇರೆ, ಭುಜ ಎತ್ತುವ ಸ್ನಾಯುಗಳದ್ದಿರಬಹುದು. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಒಂದು ಎಚ್ಚರಿಕೆ. ನಿಮ್ಮದು ಎಡ ಭುಜ, ಜೊತೆಗೆ ಶುಗರ್ ಇದೆ. ಮೆಟ್ಟಿಲು ಹತ್ತಿದಾಗ ಅಥವಾ ಬಿರುಸಾಗಿ ನಡೆದಾಗ ಭುಜ ನೋವು ಬಂದು, ನಿಂತರೆ ಕಡಿಮೆಯಾದರೆ, ಮೊದಲು ಹೃದಯ ತೋರಿಸಿಕೊಳ್ಳಿ. ನೋವಿನ ಜೊತೆ ಎದೆ ಹಿಡಿದಂತಾಗುವುದು, ಬೆವರು, ಉಸಿರಾಟದ ಕಷ್ಟ ಬಂದರೆ ತಡಮಾಡದೆ ತುರ್ತು ಚಿಕಿತ್ಸೆಗೆ ಹೋಗಿ. ಭುಜ ಕೆಂಪಾಗಿ, ಬಿಸಿಯಾಗಿ ಊದಿಕೊಂಡು ಜ್ವರ ಬಂದರೂ ಅಷ್ಟೇ. ಬಿದ್ದ ಮೇಲೆ ಕೈ ಎತ್ತಲು ಆಗದಿರುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಕೈಗೆ ಜೋಮು ಹಿಡಿದು ಶಕ್ತಿ ಕಡಿಮೆಯಾಗುವುದು, ಇವೆಲ್ಲ ಇದ್ದರೆ ಮನೆಯಲ್ಲಿ ವ್ಯಾಯಾಮ ಮಾಡುತ್ತಾ ಕಾಯಬಾರದು.

ಈಗ ಮುಖ್ಯ ವಿಷಯಕ್ಕೆ ಬರೋಣ. ನಿಮಗೆ ಹತ್ತು ದಿನ ಕೈ ಎಳೆದಾಗ ನೋವು ಯಾಕೆ ಜಾಸ್ತಿಯಾಯಿತು?

ಈ ಕಾಯಿಲೆಗೆ ಮೂರು ಹಂತ. ಮೊದಲನೆಯದು ನೋವಿನ ಹಂತ, ಎರಡರಿಂದ ಒಂಬತ್ತು ತಿಂಗಳು. ರಾತ್ರಿ ನೋವು, ಸುಮ್ಮನೆ ಕುಳಿತಾಗಲೂ ನೋವು, ಕೈಗೆ ಸಣ್ಣ ಜರ್ಕ್ ಬಿದ್ದರೂ ಪ್ರಾಣ ಹೋದಂತೆ ನೋವು. ಎರಡನೆಯದು ಬಿಗಿತದ ಹಂತ, ನಾಲ್ಕರಿಂದ ಹನ್ನೆರಡು ತಿಂಗಳು. ನೋವು ಇಳಿಯುತ್ತದೆ, ಕೈ ಮಾತ್ರ ಮರದ ಕೊರಡಿನ ಹಾಗೆ ಇರುತ್ತದೆ. ಮೂರನೆಯದು ಸಡಿಲವಾಗುವ ಹಂತ. ಎಲ್ಲ ಸೇರಿ ಒಂದರಿಂದ ಮೂರು ವರ್ಷ ಆಗಬಹುದು. ಹಂತಗಳ ನಡುವೆ ಗೆರೆ ಎಳೆದ ಹಾಗೇನೂ ಇರುವುದಿಲ್ಲ, ಒಂದರೊಳಗೊಂದು ಬೆರೆತಿರುತ್ತವೆ.

ನಿಮಗೆ ಇನ್ನೂ ರಾತ್ರಿ ಎಚ್ಚರವಾಗುತ್ತಿದೆ. ಅಂದರೆ ನೀವು ಇನ್ನೂ ನೋವಿನ ಹಂತದಲ್ಲೇ ಇದ್ದೀರಿ. ಒಳಗೆ ಚೀಲ ಉರಿಯುತ್ತಿದೆ. ಉರಿಯುತ್ತಿರುವ ಚೀಲವನ್ನು ಜಗ್ಗಿದರೆ ಅದು ಸಡಿಲವಾಗುವುದಿಲ್ಲ, ಇನ್ನಷ್ಟು ಕೆರಳುತ್ತದೆ. ನಾನು ಫಿಸಿಯೋಥೆರಪಿಸ್ಟ್. ವೃತ್ತಿಯ ಮೊದಲ ವರ್ಷಗಳಲ್ಲಿ ನಾನೂ ಹೀಗೆ ಎಳೆದಿದ್ದೇನೆ. ‘ನೋವು ತಡೆದುಕೊಳ್ಳಿ, ಇಲ್ಲದಿದ್ದರೆ ಕೈ ಹಾಗೇ ನಿಂತುಬಿಡುತ್ತದೆ’ ಎಂದು ಹೇಳಿದ್ದೇನೆ. ಮಾರನೆಯ ದಿನ ರೋಗಿಯೊಬ್ಬರು ಊದಿದ ಕಣ್ಣುಗಳಲ್ಲಿ ಬಂದು, ರಾತ್ರಿಯಿಡೀ ಕೂತೇ ಇದ್ದೆ ಎಂದಾಗ ತಪ್ಪು ಅರ್ಥವಾಯಿತು. ಆ ಮಾತನ್ನು ಈಗ ಯಾರಿಗೂ ಹೇಳುವುದಿಲ್ಲ.

ಇದು ನನ್ನೊಬ್ಬಳ ಅನುಭವ ಮಾತ್ರ ಅಲ್ಲ. ನೆದರ್ಲೆಂಡ್ಸ್‌ನಲ್ಲಿ 77 ಜನರ ಮೇಲೆ ನಡೆದ ಒಂದು ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ನೋವು ಮೀರಿ ಜೋರಾಗಿ ವ್ಯಾಯಾಮ ಮಾಡಿಸಿದರು. ಇನ್ನೊಂದು ಗುಂಪಿಗೆ ಕಾಯಿಲೆ ಏನೆಂದು ತಿಳಿಸಿ, ನೋವಿನ ಮಿತಿಯೊಳಗೆ ಮಾತ್ರ ಕೈ ಆಡಿಸಲು ಹೇಳಿದರು. ಎರಡು ವರ್ಷದ ಕೊನೆಗೆ ಮೆಲ್ಲಗೆ ಮಾಡಿದವರಲ್ಲಿ ನೂರಕ್ಕೆ 89 ಮಂದಿಯ ಭುಜ ಹೆಚ್ಚುಕಡಿಮೆ ಮೊದಲಿನಂತಾಗಿತ್ತು. ಜೋರಾಗಿ ಮಾಡಿದವರಲ್ಲಿ 63 ಮಂದಿ. ಚಿಕ್ಕ ಅಧ್ಯಯನವೇ, ಒಪ್ಪುತ್ತೇನೆ. ಆದರೂ ಅದು ಹೇಳಿದ್ದು ನಾನು ದಿನಾ ನೋಡುವುದಕ್ಕೆ ಸರಿಹೊಂದುತ್ತದೆ.

ಆದ್ದರಿಂದ ನಿಮಗೆ ನನ್ನ ಸಲಹೆ: ಮೊದಲು ನೋವು ತಣಿಸಿಕೊಳ್ಳಿ, ಬಿಗಿತ ಬಿಡಿಸುವ ಕೆಲಸ ಆಮೇಲೆ.

ನೋವು ತಣಿಸಲು ಈ ಹಂತದಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ನೀವು ಹೆದರಿರುವ ಆ ಸ್ಟಿರಾಯ್ಡ್ ಇಂಜೆಕ್ಷನ್ನೇ. ಸ್ಟಿರಾಯ್ಡ್ ಎಂದ ತಕ್ಷಣ ಜನ ಬೆಚ್ಚಿಬೀಳುತ್ತಾರೆ. ತಿಂಗಳುಗಟ್ಟಲೆ ಮಾತ್ರೆ ನುಂಗುವುದು ಬೇರೆ, ಕೀಲಿನೊಳಗೆ ಒಂದು ಸಲ ಕೊಡುವುದು ಬೇರೆ. ಇಲ್ಲಿ ಔಷಧ ಉರಿಯೂತ ಇರುವ ಜಾಗಕ್ಕೇ ಹೋಗುತ್ತದೆ. ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು. ಬಿಗಿತ ಪೂರ್ತಿ ಕೂತು ನೋವು ಇಳಿದ ಮೇಲೆ ಕೊಟ್ಟರೆ ಪ್ರಯೋಜನ ಕಡಿಮೆ. ಇದರಿಂದ ಕಾಯಿಲೆಯೇ ಮಾಯವಾಗುವುದಿಲ್ಲ. ಕೆಲವು ವಾರಗಳಿಂದ ಕೆಲವು ತಿಂಗಳವರೆಗೆ ನೋವು ಇಳಿಯುತ್ತದೆ, ನಿದ್ದೆ ಬರುತ್ತದೆ, ಆ ಅವಧಿಯಲ್ಲಿ ವ್ಯಾಯಾಮ ಮಾಡಲು ಸಾಧ್ಯವಾಗುತ್ತದೆ. ಇಂಜೆಕ್ಷನ್ ತೆಗೆದುಕೊಂಡು ಸುಮ್ನೆ ಕೂತರೆ ಆ ಅವಕಾಶ ಕೈತಪ್ಪುತ್ತದೆ.

ಶುಗರ್ ಇರುವವರು ತೆಗೆದುಕೊಳ್ಳಬಹುದಾ? ಹೆಚ್ಚಿನವರು ತೆಗೆದುಕೊಳ್ಳಬಹುದು, ಆದರೆ ತಯಾರಿ ಬೇಕು. ಇಂಜೆಕ್ಷನ್ ಆದ ಮೇಲೆ ಕೆಲವು ದಿನ, ಕೆಲವರಲ್ಲಿ ಒಂದು ವಾರದವರೆಗೂ, ರಕ್ತದ ಶುಗರ್ ಏರುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಇದು ಹೆಚ್ಚು ಕಾಣಬಹುದು. ಹಾಗಾಗಿ ಶುಗರ್ ನೋಡಿಕೊಳ್ಳುವ ವೈದ್ಯರಿಗೆ ಮುಂಚೆಯೇ ತಿಳಿಸಿ. ಎಷ್ಟಕ್ಕಿಂತ ಮೇಲೆ ಹೋದರೆ ಫೋನ್ ಮಾಡಬೇಕು, ಮಾತ್ರೆ ಅಥವಾ ಇನ್ಸುಲಿನ್ ಬದಲಿಸಬೇಕಾ ಎಂದು ಕೇಳಿ ಬರೆದಿಟ್ಟುಕೊಳ್ಳಿ. ನೀವೇ ಡೋಸ್ ಏರಿಸಬೇಡಿ. ಮೊದಲ ವಾರ ಮನೆಯಲ್ಲಿ ದಿನಕ್ಕೆರಡು ಸಲವಾದರೂ ಶುಗರ್ ನೋಡಿಕೊಳ್ಳಿ. ಈಗಾಗಲೇ ಶುಗರ್ ತುಂಬಾ ಏರಿದ್ದರೆ, ಮೈಯಲ್ಲಿ ಎಲ್ಲಾದರೂ ಸೋಂಕು ಇದ್ದರೆ, ಅದು ಹತೋಟಿಗೆ ಬಂದ ಮೇಲೇ ಇಂಜೆಕ್ಷನ್. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ಇನ್ನೊಂದು ಪ್ರಶ್ನೆ ಖಂಡಿತ ಕೇಳಿ: ನನಗೆ ಕಡಿಮೆ ಡೋಸ್ ಸಾಕಾಗುತ್ತದಾ? ಟ್ರಯಾಮ್ಸಿನೊಲೋನ್ ಎಂಬ ಸ್ಟಿರಾಯ್ಡ್ 20 ಮಿಲಿಗ್ರಾಂ ಕೊಟ್ಟಾಗಲೂ 40 ಮಿಲಿಗ್ರಾಂ ಕೊಟ್ಟಷ್ಟೇ ಗುಣ ಕಂಡಿರುವುದುಂಟು. ಶುಗರ್ ಇರುವವರಿಗೆ ಇದು ಸಣ್ಣ ವಿಷಯವಲ್ಲ, ಅಲ್ವಾ?

ಇಂಜೆಕ್ಷನ್ ಆದ ಒಂದೆರಡು ದಿನ ಕೆಲವರಿಗೆ ನೋವು ತುಸು ಹೆಚ್ಚಾಗುತ್ತದೆ, ತಾನಾಗೇ ಇಳಿಯುತ್ತದೆ. ದಿನದಿಂದ ದಿನಕ್ಕೆ ನೋವು ಏರುತ್ತಾ ಜ್ವರ ಬಂದರೆ ಮಾತ್ರ ಕೂಡಲೇ ತೋರಿಸಿ. ಕೀಲಿನೊಳಗೆ ಸೋಂಕು ತೀರಾ ಅಪರೂಪ, ಆದರೆ ನಿರ್ಲಕ್ಷಿಸುವಂಥದ್ದಲ್ಲ.

ಇನ್ನೆರಡು ವಿಧಾನಗಳ ಹೆಸರು ನಿಮ್ಮ ಕಿವಿಗೆ ಬೀಳಬಹುದು. ಒಂದು ಹೈಡ್ರೋಡೈಲಟೇಷನ್. ಸಲೈನ್, ಮರಗಟ್ಟಿಸುವ ಔಷಧ, ಸ್ವಲ್ಪ ಸ್ಟಿರಾಯ್ಡ್ ಬೆರೆಸಿ ಕೀಲಿನೊಳಗೆ ತುಂಬಿ, ಕುಗ್ಗಿದ ಚೀಲವನ್ನು ಒಳಗಿನಿಂದ ಹಿಗ್ಗಿಸುತ್ತಾರೆ. ಸ್ಕ್ಯಾನಿಂಗ್ ನೋಡಿಕೊಂಡು ಮಾಡುತ್ತಾರೆ, ಮಾಡುವಾಗ ಒತ್ತಿದಂಥ ನೋವು ಇರುತ್ತದೆ, ಅದೇ ದಿನ ಮನೆಗೆ ಹೋಗಬಹುದು. ಬಿಗಿತ ಹೆಚ್ಚಿರುವ ಕೆಲವರಿಗೆ ಇದರಿಂದ ಅನುಕೂಲವಾಗುತ್ತದೆ. ಇನ್ನೊಂದು, ಭುಜದ ಹಲಗೆಮೂಳೆಯ ಮೇಲ್ಗಡೆ ಹಾದುಹೋಗುವ ನರದ ಸುತ್ತ ಔಷಧ ಕೊಟ್ಟು ನೋವು ತಡೆಯುವ ನರ್ವ್ ಬ್ಲಾಕ್. ಸ್ಟಿರಾಯ್ಡ್ ಕೊಡಲು ಸಾಧ್ಯವೇ ಇಲ್ಲ ಎನ್ನುವವರ ವಿಷಯದಲ್ಲಿ ಇದರ ಬಗ್ಗೆ ಕೇಳಬಹುದು. ಪಿಆರ್‌ಪಿ, ಅಂದರೆ ನಿಮ್ಮದೇ ರಕ್ತದಿಂದ ಪ್ಲೇಟ್‌ಲೆಟ್ ಹೆಚ್ಚಿರುವ ಭಾಗ ಬೇರ್ಪಡಿಸಿ ಇಂಜೆಕ್ಷನ್ ಕೊಡುವುದು, ಅದರ ಬಗ್ಗೆಯೂ ಈಗ ತುಂಬಾ ಮಾತಿದೆ. ಸ್ಟಿರಾಯ್ಡ್ ಇಂಜೆಕ್ಷನ್‌ಗೆ ಇರುವಷ್ಟು ಗಟ್ಟಿ ಆಧಾರ ಅದಕ್ಕಿಲ್ಲ, ಮೊದಲ ಆಯ್ಕೆಯಾಗಿ ನಾನು ಸೂಚಿಸುವುದಿಲ್ಲ.

ನೋವಿನ ಮಾತ್ರೆಗಳ ವಿಷಯದಲ್ಲಿ ಜೋಪಾನ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಥರದವು ಹೊಟ್ಟೆಗೆ, ಕಿಡ್ನಿಗೆ, ಬಿಪಿಗೆ ತೊಂದರೆ ಮಾಡಬಲ್ಲವು. ಎಂಟು ವರ್ಷದ ಶುಗರ್ ಇರುವವರು ಕಿಡ್ನಿ ಪರೀಕ್ಷೆ ನೋಡದೆ ವಾರಗಟ್ಟಲೆ ನುಂಗುವಂತಿಲ್ಲ. ಪ್ಯಾರಸಿಟಮಾಲ್ ಸಾಕಾಗುತ್ತದಾ ಎಂದು ಮೊದಲು ಕೇಳಿ.

ಫಿಸಿಯೋಥೆರಪಿಯಲ್ಲಿ ಇಡುವ ಕರೆಂಟ್, ಅಲ್ಟ್ರಾಸೌಂಡ್ ಮೆಷಿನ್‌ಗಳಿಂದ ಸ್ವಲ್ಪ ಹೊತ್ತು ಹಾಯೆನಿಸಬಹುದು. ಅಷ್ಟೇ. ಬರೀ ಮೆಷಿನ್ ಇಟ್ಟು ಕಳಿಸಿದರೆ ಚೀಲ ಸಡಿಲವಾಗುವುದಿಲ್ಲ. ನಿಮ್ಮ ದುಡ್ಡು, ಸಮಯ ಎರಡನ್ನೂ ಕೈ ಆಡಿಸುವುದನ್ನು ಸರಿಯಾಗಿ ಕಲಿಸುವವರ ಹತ್ತಿರ ಖರ್ಚು ಮಾಡಿ. ಬಿಸಿ ಶಾಖದಿಂದ ವ್ಯಾಯಾಮಕ್ಕೆ ಮುಂಚೆ ಅನುಕೂಲವಾಗುತ್ತದೆ, ಹತ್ತು ಹದಿನೈದು ನಿಮಿಷ ಸಾಕು. ಶುಗರ್‌ನಿಂದ ಚರ್ಮದ ಸ್ಪರ್ಶ ಕಡಿಮೆಯಾಗಿದ್ದರೆ ಸುಟ್ಟಿದ್ದೂ ಗೊತ್ತಾಗುವುದಿಲ್ಲ. ಬಟ್ಟೆ ಸುತ್ತಿ, ಬಿಸಿ ಎಷ್ಟಿದೆ ಎಂದು ಬೇರೆಯವರಿಂದ ಮುಟ್ಟಿಸಿ ನೋಡಿ ಇಟ್ಟುಕೊಳ್ಳಿ.

ರಾತ್ರಿಗೆ ಒಂದು ಉಪಾಯ ಹೇಳುತ್ತೇನೆ, ಇದನ್ನು ಇವತ್ತೇ ಮಾಡಬಹುದು. ಅಂಗಾತ ಮಲಗುವುದಾದರೆ ಎಡಗೈಯ ಮೊಣಕೈ ಕೆಳಗೆ ಒಂದು ಚಿಕ್ಕ ದಿಂಬು ಇಡಿ. ಮೊಣಕೈ ಹಾಸಿಗೆಗೆ ಕುಸಿದರೆ ಭುಜದ ಮುಂಭಾಗ ಜಗ್ಗುತ್ತದೆ, ಎಷ್ಟೋ ಜನರಿಗೆ ಎಚ್ಚರವಾಗುವುದು ಅದರಿಂದಲೇ. ಬಲ ಮಗ್ಗುಲಿಗೆ ಮಲಗುವುದಾದರೆ ಎದೆಯ ಮುಂದೆ ದೊಡ್ಡ ದಿಂಬೊಂದನ್ನು ತಬ್ಬಿಕೊಂಡು ಎಡಗೈಯನ್ನು ಅದರ ಮೇಲೆ ಇಡಿ.

ವ್ಯಾಯಾಮ ಈಗಿನ ಹಂತದಲ್ಲಿ ಇಷ್ಟು ಸಾಕು. ಮೇಜಿನ ಮೇಲೆ ಬಲಗೈ ಊರಿ ಸ್ವಲ್ಪ ಮುಂದಕ್ಕೆ ಬಾಗಿ, ಎಡಗೈಯನ್ನು ಹಗ್ಗದಂತೆ ಜೋಲು ಬಿಡಿ. ಕೈಯನ್ನು ನೀವು ತೂಗಬೇಡಿ, ಸೊಂಟವನ್ನು ಮೆಲ್ಲಗೆ ಆಡಿಸಿ, ಕೈ ತಾನಾಗಿ ತೂಗಲಿ. ಎಲ್ಲರೂ ತಪ್ಪುವುದು ಇಲ್ಲೇ, ಭುಜದ ಬಲ ಹಾಕಿ ಕೈ ತಿರುಗಿಸುತ್ತಾರೆ. ಒಂದೆರಡು ನಿಮಿಷ ಆದರೆ ಸಾಕು. ಆಮೇಲೆ ಮೇಜಿನ ಮುಂದೆ ಕುಳಿತು, ಬಟ್ಟೆಯ ಮೇಲೆ ಎಡ ಅಂಗೈ ಇಟ್ಟು, ಮೈ ಮುಂದಕ್ಕೆ ಬಾಗಿಸುತ್ತಾ ಕೈಯನ್ನು ಮುಂದೆ ಜಾರಿಸಿ. ಮೂರನೆಯದು, ಅಂಗಾತ ಮಲಗಿ ಎಡ ಮೊಣಕೈ ಕೆಳಗೆ ಮಡಚಿದ ಟವೆಲ್ ಇಟ್ಟು, ಮೊಣಕೈ ಮಡಚಿ, ಎರಡೂ ಕೈಯಲ್ಲಿ ಒಂದು ಕೋಲು ಹಿಡಿಯಿರಿ. ಬಲಗೈಯಿಂದ ಕೋಲು ತಳ್ಳುತ್ತಾ ಎಡ ಮುಂಗೈಯನ್ನು ಹೊರಕ್ಕೆ ಕಳಿಸಿ. ಹತ್ತತ್ತು ಸಲ, ದಿನಕ್ಕೆ ಮೂರು ಹೊತ್ತು. ಒಂದೇ ಸಲ ಅರ್ಧ ಗಂಟೆ ಮಾಡುವುದಕ್ಕಿಂತ ಐದೈದು ನಿಮಿಷ ಆಗಾಗ ಮಾಡುವುದು ಒಳ್ಳೆಯದು.

ಎಷ್ಟು ನೋವಿನವರೆಗೆ ಹೋಗಬಹುದು? ಹತ್ತಕ್ಕೆ ಮೂರು ನಾಲ್ಕರಷ್ಟು ಎಳೆತ ಪರವಾಗಿಲ್ಲ. ವ್ಯಾಯಾಮ ನಿಲ್ಲಿಸಿದ ಅರ್ಧ ಗಂಟೆಯೊಳಗೆ ಅದು ಇಳಿಯಬೇಕು. ಆ ರಾತ್ರಿಯ ನಿದ್ದೆ ಹಿಂದಿನ ರಾತ್ರಿಗಿಂತ ಕೆಟ್ಟಿದ್ದರೆ ನೀವು ಜಾಸ್ತಿ ಮಾಡಿದ್ದೀರಿ ಎಂದರ್ಥ. ಮಾರನೆಯ ದಿನ ಅರ್ಧಕ್ಕೆ ಇಳಿಸಿ, ಪೂರ್ತಿ ಬಿಡಬೇಡಿ. ಕೈಯನ್ನು ಪಟ್ಟಿಯಲ್ಲಿ ಕಟ್ಟಿಕೊಂಡು ಓಡಾಡಬೇಡಿ. ನೋವಿಲ್ಲದ ಎತ್ತರದಲ್ಲಿ ಮನೆಗೆಲಸಕ್ಕೆ ಕೈ ಬಳಸುತ್ತಲೇ ಇರಿ.

ರಾತ್ರಿ ನೋವು ನಿಂತು ಬರೀ ಬಿಗಿತ ಉಳಿದ ಮೇಲೆ ಆಟ ಬದಲಾಗುತ್ತದೆ. ಆಗ ಗೋಡೆಯ ಮೇಲೆ ಬೆರಳು ಹತ್ತಿಸುವುದು, ಬಾಗಿಲ ಚೌಕಟ್ಟಿಗೆ ಕೈ ಆನಿಸಿ ಮೈ ತಿರುಗಿಸುವುದು, ಬೆನ್ನ ಹಿಂದೆ ಟವೆಲ್ ಹಿಡಿದು ಎಳೆಯುವುದು ಎಲ್ಲ ಬರುತ್ತದೆ. ಎಳೆತವನ್ನು ಅರ್ಧ ನಿಮಿಷ ಹಿಡಿದಿಡಬಹುದು. ಫಿಸಿಯೋಥೆರಪಿಸ್ಟ್ ಕೈಯಿಂದ ಕೀಲು ಸಡಿಲಿಸುವುದೂ ಆಗಲೇ ಹೆಚ್ಚು ಫಲ ಕೊಡುವುದು. ಬೆನ್ನ ಹಿಂದೆ ಕೈ ಹೋಗುವುದು ಎಲ್ಲಕ್ಕಿಂತ ಕೊನೆಗೆ ಬರುತ್ತದೆ. ಅದನ್ನೇ ದಿನಾ ಪರೀಕ್ಷಿಸಿ ಬೇಸರ ಮಾಡಿಕೊಳ್ಳಬೇಡಿ. ತಿಂಗಳಿಗೊಮ್ಮೆ ಗೋಡೆಯ ಮೇಲೆ ಬೆರಳು ಎಲ್ಲಿಯವರೆಗೆ ಮುಟ್ಟಿತು ಎಂದು ಪೆನ್ಸಿಲ್ ಗುರುತು ಹಾಕಿ. ದಿನದ ಲೆಕ್ಕದಲ್ಲಿ ಕಾಣದ ಸುಧಾರಣೆ ತಿಂಗಳ ಲೆಕ್ಕದಲ್ಲಿ ಕಾಣುತ್ತದೆ.

ಆಪರೇಷನ್ ಬಗ್ಗೆ. ಬ್ರಿಟನ್‌ನಲ್ಲಿ 503 ಜನರ ಮೇಲೆ ನಡೆದ ದೊಡ್ಡ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಅರಿವಳಿಕೆ ಕೊಟ್ಟು ಕೈ ತಿರುಗಿಸಿ ಬಿಡಿಸುವುದು, ಕೀಹೋಲ್ ಆಪರೇಷನ್‌ನಲ್ಲಿ ಚೀಲ ಕತ್ತರಿಸುವುದು, ಸ್ಟಿರಾಯ್ಡ್ ಇಂಜೆಕ್ಷನ್ ಜೊತೆ ಹನ್ನೆರಡು ವಾರದ ಫಿಸಿಯೋಥೆರಪಿ, ಈ ಮೂರನ್ನೂ ಹೋಲಿಸಿ ನೋಡಿದರು. ಒಂದು ವರ್ಷದ ಹೊತ್ತಿಗೆ ರೋಗಿಗಳ ಬದುಕಿನಲ್ಲಿ ಎದ್ದು ಕಾಣುವಷ್ಟು ವ್ಯತ್ಯಾಸ ಮೂರರ ನಡುವೆ ಇರಲಿಲ್ಲ. ತೀವ್ರವಾದ ಅಡ್ಡ ಪರಿಣಾಮಗಳು ವರದಿಯಾಗಿದ್ದು ಮೊದಲ ಎರಡರಲ್ಲಿ. ಹಾಗೆಂದು ಆಪರೇಷನ್ ಹೇಳುವ ವೈದ್ಯರೆಲ್ಲ ತಪ್ಪು ಅಂತಲ್ಲ. ಆರೇಳು ತಿಂಗಳು ಸರಿಯಾದ ಚಿಕಿತ್ಸೆ ಮಾಡಿದರೂ ಕೈ ಒಂದಿಷ್ಟೂ ಮುಂದೆ ಹೋಗದೆ ಬದುಕು ನಡೆಸುವುದೇ ಕಷ್ಟವಾದವರಿಗೆ ಅದು ಒಳ್ಳೆಯ ದಾರಿ. ಶುಗರ್ ಇರುವವರಲ್ಲಿ ಬಿಗಿತ ಹಟಮಾರಿ, ವಾಸಿಯಾಗಲು ಹೆಚ್ಚು ಸಮಯ ಬೇಕು, ಕೊನೆಗೆ ಸ್ವಲ್ಪ ಬಿಗಿತ ಉಳಿಯಲೂಬಹುದು. ಇದನ್ನು ಮುಚ್ಚಿಟ್ಟು ನಿಮಗೆ ಸುಮ್ನೆ ಧೈರ್ಯ ಹೇಳಲಾರೆ. ಆದರೆ ನಿಮಗೆ ಸರಿಯಾದ ಚಿಕಿತ್ಸೆ ಇನ್ನೂ ಶುರುವೇ ಆಗಿಲ್ಲ.

ಭುಜ ಎತ್ತುವ ಸ್ನಾಯುಗಳ ತೊಂದರೆ ಎಂದು ಆಗ ಹೇಳಿದೆನಲ್ಲ, ಅದರ ದಾರಿ ಬೇರೆ. ಅಲ್ಲಿ ಕೈ ಅರ್ಧ ಎತ್ತಿದಾಗ ನೋವು ಹಿಡಿದು, ಇನ್ನೂ ಮೇಲೆ ಹೋದರೆ ಬಿಡುತ್ತದೆ. ಅದಕ್ಕೆ ಬೇಕಿರುವುದು ಸ್ನಾಯುವಿಗೆ ಹಂತ ಹಂತವಾಗಿ ಬಲ ಕೊಡುವ ವ್ಯಾಯಾಮ, ಕನಿಷ್ಠ ಮೂರು ತಿಂಗಳು. ಮೂಳೆ ಕೆರೆದು ಜಾಗ ಮಾಡುವ ಆಪರೇಷನ್ನನ್ನು ಬ್ರಿಟನ್‌ನಲ್ಲೇ ಬರೀ ಒಳಗೆ ನೋಡಿ ಹೊಲಿದ ನೆಪಮಾತ್ರದ ಆಪರೇಷನ್ ಜೊತೆ ಹೋಲಿಸಿದಾಗ, ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. 2018ರಲ್ಲಿ ಅದರ ವರದಿ ಬಂತು. ಸ್ನಾಯುವಿನಲ್ಲಿ ಸುಣ್ಣದ ಗಂಟು ಕೂತವರಿಗೆ ಹೊರಗಿನಿಂದ ಮೆಷಿನ್ ಮೂಲಕ ಒತ್ತಡದ ಅಲೆಗಳನ್ನು ಹಾಯಿಸುವ ಶಾಕ್‌ವೇವ್ ಚಿಕಿತ್ಸೆಯಿಂದ ಗುಣವಾಗುವುದುಂಟು. ಬಿದ್ದು ಸ್ನಾಯು ಹರಿದಿದ್ದರೆ ಮಾತ್ರ ಸರ್ಜನ್‌ಗೆ ಬೇಗ ತೋರಿಸಬೇಕು.

ಕೊನೆಯದಾಗಿ ಒಂದು ಮಾತು. ಒಮ್ಮೆ ವಾಸಿಯಾದ ಭುಜಕ್ಕೆ ಇದು ಮತ್ತೆ ಬರುವುದು ಅಪರೂಪ. ಆದರೆ ಕೆಲವು ವರ್ಷಗಳಲ್ಲಿ ಇನ್ನೊಂದು ಭುಜಕ್ಕೆ ಬರುವುದುಂಟು, ಶುಗರ್ ಇರುವವರಿಗೆ ಸ್ವಲ್ಪ ಹೆಚ್ಚು. ಮುಂದೊಂದು ದಿನ ಬಲ ಭುಜ ರಾತ್ರಿ ಹೊತ್ತು ಹೀಗೇ ಹಿಡಿಯತೊಡಗಿದರೆ, ಮುಂಗೈ ಹೊರಕ್ಕೆ ತಿರುಗಿಸುವ ಆ ಪರೀಕ್ಷೆಯನ್ನು ಮತ್ತೆ ಮಾಡಿ ನೋಡಿ. ತುಸು ಕಡಿಮೆ ತಿರುಗಿದರೂ ಐದು ತಿಂಗಳು ಕಾಯದೆ ಆ ವಾರವೇ ತೋರಿಸಿಕೊಳ್ಳಿ.